ಮಾತಿಗಿಂತ ಮೊದಲು ಹಾಡು ಬಂತು

ನಮ್ಮ ತುಮಕೂರಿನ ಶಿರಾ ಗೇಟ್ ಕಡೆ ಯಾರಿಗಾದರೂ ಲಕ್ವ ಹೊಡೆದರೆ, ನೋಡಲು ಬಂದವರೆಲ್ಲ ಒಂದೊಂದು ಔಷಧಿ ಹೇಳಿಯೇ ಕಾಫಿ ಲೋಟ ಕೆಳಗಿಡುತ್ತಾರೆ. ಅಪ್ಪನ ಬಲಭಾಗ ಬಿದ್ದುಹೋದಾಗ ಪಾರಿವಾಳದ ರಕ್ತ ಹಚ್ಚಿ ಎಂದರು ಒಬ್ಬರು. ಇಂಗ್ಲಿಷ್ ಮಾತ್ರೆ ನಿಲ್ಲಿಸಿ, ನಾಟಿ ಕಷಾಯ ಕೊಡಿ ಎಂದರು ಇನ್ನೊಬ್ಬರು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ, ಬಿ.ಪಿ. ಮಾತ್ರೆ ಬಿಟ್ಟರೆ ಮತ್ತೊಮ್ಮೆ ಹೊಡೆಯುವ ಭಯ ಹೆಚ್ಚು. ಕೆಲವು ಬೇರು–ಸೊಪ್ಪು ಆ ಮಾತ್ರೆಗಳ ಕೆಲಸವನ್ನೇ ಏರುಪೇರು ಮಾಡುತ್ತವೆ. ಹಾಗಾಗಿ ಹೊಟ್ಟೆಗೆ ಹೋಗುವುದೇನಿದ್ದರೂ ಡಾಕ್ಟರನ್ನು ಕೇಳಿಯೇ ಕೊಡುವುದೆಂದು ತೀರ್ಮಾನಿಸಿದೆವು. "ಮೈಗೆ, ಕಿವಿಗೆ ಆಗೋದು ಏನಾದ್ರೂ ಇದ್ರೆ ಮಾಡೋಣ ಕಣೋ," ಎಂದರು ಅಮ್ಮ.

ಎಳ್ಳೆಣ್ಣೆ ನೀವುವುದು ಅಮ್ಮನ ಪಾಲಿಗೆ ಬಂತು. ಪೆಟ್ಟು ಬಿದ್ದಿರುವುದು ಮಿದುಳಿಗೆ, ಎಣ್ಣೆ ಅಲ್ಲಿಗೆ ಮುಟ್ಟುವುದಿಲ್ಲ. ಆದರೂ ನೀವಿಸಿಕೊಂಡ ಮೇಲೆ ಅಪ್ಪ ಗೊಣಗದೆ ವ್ಯಾಯಾಮಕ್ಕೆ ಕೂರುತ್ತಿದ್ದರು. ಸ್ಪರ್ಶ ತಿಳಿಯದ ಕೈಗೆ ಸುಟ್ಟರೂ ಗೊತ್ತಾಗುವುದಿಲ್ಲ. ಎಣ್ಣೆಯ ಬಿಸಿಯನ್ನು ನಮ್ಮ ಮೈಮೇಲೆ ನೋಡಿಕೊಂಡೇ ಹಚ್ಚಬೇಕು. ಸೋತ ತೋಳನ್ನು ಹಿಡಿದೆಳೆದು ಎಬ್ಬಿಸಿದರೆ ಭುಜದ ಕೀಲು ಜಾರಬಹುದು. ಕಟಿಂಗ್ ಶಾಪಿನಲ್ಲಿ ಲಟಕ್ಕೆಂದು ಕುತ್ತಿಗೆ ತಿರುಗಿಸುವುದಂತೂ ಬೇಡವೇ ಬೇಡ. ಕತ್ತಿನ ರಕ್ತನಾಳ ಸೀಳಿ, ಗಟ್ಟಿಮುಟ್ಟಾದವರಿಗೇ ಲಕ್ವ ಬಂದದ್ದುಂಟು.

ನನ್ನನ್ನು ಬೆರಗುಗೊಳಿಸಿದ್ದು ಹಾಡು. ಅಪ್ಪ ಗುಬ್ಬಿಯವರು. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿಯ ಊರು. ಅಲ್ಲಿನವರಿಗೆ ರಂಗಗೀತೆ ಹೇಳಿಕೊಡಬೇಕಿಲ್ಲ. "ನೀರು" ಎನ್ನಲಾಗದೆ ಕಣ್ಣೀರು ಹಾಕುತ್ತಿದ್ದವರು, ಮೊಬೈಲಿನಲ್ಲಿ ಹಳೆಯ ನಾಟಕದ ಹಾಡು ಹಾಕಿದಾಗ ಪಲ್ಲವಿಯನ್ನು ಮಾತು ಬಿಡದೆ ಹಾಡಿಬಿಟ್ಟರು. ಮಾತು ಬಹುತೇಕರಲ್ಲಿ ಎಡಮಿದುಳಿನ ಕೆಲಸ. ರಾಗಕ್ಕೆ ಬಲಮಿದುಳೂ ಕೈಜೋಡಿಸುತ್ತದೆ. ಇದನ್ನೇ ನೆಚ್ಚಿ ಅಮೆರಿಕದ ಬಾಸ್ಟನ್ನಿನ ತಜ್ಞರು 1973ರಲ್ಲಿ ರಾಗದ ಮೂಲಕ ಮಾತು ಕಲಿಸುವ ಚಿಕಿತ್ಸೆಯೊಂದನ್ನು ಪ್ರಕಟಿಸಿದ್ದರು. ನಮ್ಮ ಸ್ಪೀಚ್ ಥೆರಪಿಸ್ಟೂ ಅಪ್ಪನ ಎಡಗೈಯಲ್ಲಿ ತಾಳ ಹಾಕಿಸುತ್ತಾ "ನೀ-ರು ಬೇ-ಕು" ಎಂದು ರಾಗವಾಗಿ ಹೇಳಿಸಿದರು. ತಾಳ ಬಿಟ್ಟು ಆ ಮಾತು ಹೊರಡಲು ತಿಂಗಳುಗಳೇ ಹಿಡಿದವು.

ಲಕ್ವ ಹೊಡೆದ ಮೂವರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಕಾಡುತ್ತದೆ. ಅದನ್ನು ಹಟ, ಸೋಮಾರಿತನ ಎಂದು ಬೈಯುವವರೇ ಜಾಸ್ತಿ. ಅಪ್ಪನಿಗೆ ಅದಕ್ಕೂ ಮಾತ್ರೆ ಬೇಕಾಯಿತು, ಹಾಡೊಂದೇ ಸಾಲಲಿಲ್ಲ. ಬಲಗೈ ಬೆರಳುಗಳು ಇನ್ನೂ ಪೂರ್ತಿ ಬಿಚ್ಚುವುದಿಲ್ಲ, ಅಂಗಿಯ ಗುಂಡಿ ಅಮ್ಮನೇ ಹಾಕುತ್ತಾರೆ. ಈಗ ಅಮಾನಿಕೆರೆ ಪಾರ್ಕಿನಲ್ಲಿ ಕೋಲೂರಿ ಒಂದು ಸುತ್ತು ಬರುತ್ತಾರೆ. ಫಿಸಿಯೋಥೆರಪಿಸ್ಟ್ ಹೇಳಿರುವುದು ಎರಡು.