ಬಡಿಗನ ಮನೆಯ ಕಾರ್ಯಾಗಾರ: ಹತ್ಯಾರಗಳ ಪರಿಚಯ ಮತ್ತು ಯಂತ್ರದ ಎಚ್ಚರ

(ಕಾರ್ಯಾನುಭವ – ಇಯತ್ತೆ 6ರಿಂದ 8)

ಖಂಡೇನವಮಿಯ ದಿನ ಬಡಿಗೇರ ಮನೆಯ ಪಡಸಾಲೆಯಲ್ಲಿ ಹತ್ಯಾರಗಳೆಲ್ಲ ತೊಳೆದು ಒರೆಸಿಕೊಂಡು ಸಾಲಾಗಿ ಕುಳಿತಿರುತ್ತವೆ. ಅಂದು ಯಾವುದೂ ಕೆಲಸಕ್ಕೆ ಹೊರಡುವುದಿಲ್ಲ. ಯಂತ್ರದ ತಂತಿಯನ್ನೂ ಸುತ್ತಿಟ್ಟಿರುತ್ತಾರೆ. ಪ್ರಸ್ತುತ ಪಾಠಕ್ಕೆ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ದಿನ ದೊರೆಯಲಾರದು. ಅಂದು ಅನುಕೂಲವಾಗದಿದ್ದರೆ, ಅನೇಕ ಕಸುಬುದಾರರು ಕೆಲಸ ನಿಲ್ಲಿಸುವ ಅಮಾವಾಸ್ಯೆಯನ್ನು ಆರಿಸಿಕೊಳ್ಳಬಹುದು. ಹತ್ಯಾರವನ್ನು ಅದು ವಿಶ್ರಾಂತಿಯಲ್ಲಿರುವಾಗ ಮಕ್ಕಳಿಗೆ ಮೊದಲು ತೋರಿಸಬೇಕೆಂಬುದೇ ಇಲ್ಲಿಯ ಮುಖ್ಯ ಸೂಚನೆ.

ಬೆಳುಂಕಿಯಂಥ ಊರುಗಳಿರುವ ಜತ್ತ ತಾಲೂಕು ಮಳೆ ಕಡಿಮೆಯ ನೆಲ. ಇಲ್ಲಿ ಬಡಿಗನೆಂದರೆ ಒಕ್ಕಲುತನದ ಬಲಗೈ. ರಂಟೆ, ಕುಂಟೆ, ಕೂರಿಗೆ, ನೊಗ, ಚಕ್ಕಡಿ ಎಲ್ಲವೂ ಅವನ ಕೈಯಿಂದಲೇ ಬರುತ್ತಿದ್ದವು. ಸುಗ್ಗಿಯಲ್ಲಿ ಅವನಿಗೆ ಕಾಳಿನ ಆಯ ಸಲ್ಲುತ್ತಿತ್ತು. ಗಡುಸಾದ ಜಾಲಿಯ ಕಟ್ಟಿಗೆ ಗಾಲಿಯ ಗುಂಭಕ್ಕೂ ರಂಟೆಗೂ ಒದಗುತ್ತಿತ್ತು. ಟ್ರ್ಯಾಕ್ಟರ್ ಬಂದ ಮೇಲೆ ಆ ಕೆಲಸ ಬಹುಮಟ್ಟಿಗೆ ಕಡಿಮೆಯಾಗಿ, ಬಾಗಿಲು, ಕಿಟಕಿ, ಕಪಾಟು, ಪ್ಲೈವುಡ್ಡಿನ ಕೆಲಸ ಮುಂದಾಗಿದೆ. ಅದರೊಡನೆ ವಿದ್ಯುತ್ ಯಂತ್ರವೂ ಮನೆಯೊಳಗೆ ಬಂದಿದೆ. 2023ರ ಸಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಿಗತನವೂ ಒಂದು. ಅದರಲ್ಲಿ ಹತ್ಯಾರಗಳಿಗಾಗಿ 15,000 ರೂಪಾಯಿಯವರೆಗೆ ನೆರವು ದೊರೆಯುತ್ತದೆ. ಹೆಸರು ನೋಂದಾಯಿಸಲು 18 ವರ್ಷ ತುಂಬಿರಬೇಕು. ಯೋಜನೆಯು ವಯಸ್ಸಿನ ಮಿತಿಯನ್ನು ಹಾಕಿದೆ. ಪಡಸಾಲೆಯಲ್ಲಿ ಬಿದ್ದಿರುವ ಯಂತ್ರಕ್ಕೆ ಅಂಥ ಮಿತಿಯಿಲ್ಲ.

ಕೈಹತ್ಯಾರವನ್ನು ಕಲಿಯದವನು ಉಳಿಯಿಂದ ಒಂದು ಚೌಕ ತೂತನ್ನೂ ತೆಗೆಯಲಾರ. ಆದ್ದರಿಂದ ಹಿಂದೆ ಹುಡುಗನು ಮೊದಲು ಸಾಣೆ ಹಿಡಿಯಲು, ಆಮೇಲೆ ಗೆರೆ ಎಳೆಯಲು, ಕಡೆಗೆ ಕೊಯ್ಯಲು ಕಲಿಯುತ್ತಿದ್ದನು. ಆ ವರ್ಷಗಳಲ್ಲಿ ಎಚ್ಚರವೂ ತಾನಾಗಿ ಮೈಗೂಡುತ್ತಿತ್ತು. ಯಂತ್ರವಾದರೋ ಕಲಿಯದವನ ಕೈಯಲ್ಲಿಯೂ ಮೊದಲ ದಿನವೇ ತಿರುಗುತ್ತದೆ. ಈ ತೆರವನ್ನು ತುಂಬುವ ಕೆಲಸ ಶಾಲೆಯ ಪಾಲಿಗೆ ಬಂದಿದೆ. ಕೈಹತ್ಯಾರವನ್ನು ಕೈಯಿಂದಲೇ ಕಲಿಸಬೇಕು. ಯಂತ್ರವನ್ನು ಈ ವಯಸ್ಸಿನಲ್ಲಿ ತಿಳಿವಳಿಕೆಯಿಂದ ಮಾತ್ರ ಕಲಿಸಬೇಕು. ಯಂತ್ರವನ್ನು ಶಾಲೆಗೆ ತರಿಸಬಾರದು.

ಹೆಸರುಗಳು

ಭೇಟಿಯ ಮೊದಲ ಕೆಲಸ ಹೆಸರುಗಳ ಪಟ್ಟಿ. ನಮ್ಮ ಮಕ್ಕಳಿಗೆ ಒಂದೇ ವಸ್ತುವಿಗೆ ಎರಡು ಮಾತುಗಳು ಬರುತ್ತವೆ. ಗರಗಸ ಎಂಬುದು ಕರವತವೂ ಹೌದು. ಉಳಿಯನ್ನು ಪಟಾಶಿ, ಬಾಚಿಯನ್ನು ವಾಕಸ, ಮೂಲೆಮಟ್ಟವನ್ನು ಗುಣ್ಯಾ, ಅರವನ್ನು ಕಾನಸ ಎನ್ನುವುದನ್ನು ಅವರು ಕೇಳಿರುತ್ತಾರೆ. ‘ಉಜ್ಜುಗೊರಡು’ ಎಂದು ಫಲಕದ ಮೇಲೆ ಬರೆದರೆ ಮಗು ಸುಮ್ಮನೆ ನೋಡೀತು. ‘ರಂಧಾ’ ಎಂದೊಡನೆ ಅದರ ಕೈಗಳೇ ಮುಂದಕ್ಕೆ ತಳ್ಳುವ ಅಭಿನಯ ಮಾಡುತ್ತವೆ. ಯಾವ ಮಾತನ್ನೂ ತಪ್ಪೆಂದು ತಿದ್ದಬಾರದು. ವಹಿಯಲ್ಲಿ ಎರಡು ಅಂಕಣಗಳನ್ನು ಹಾಕಿಸಿ, ಬಡಿಗೇರ ಕಾಕಾ ಹೇಳಿದ ಮಾತನ್ನು ಮೊದಲು ಬರೆಸಿ, ಪುಸ್ತಕದ ಮಾತನ್ನು ಎದುರಿಗೆ ಬರೆಸಬೇಕು. ಬಡಿಗರ ಮನೆಯ ಮಗು ಆ ದಿನ ತರಗತಿಯ ಗುರುವಾಗುವುದನ್ನೂ ಕಾಣಬಹುದು.

ಕೈಹತ್ಯಾರದ ಪಾಠ

ಕಟ್ಟಿಗೆಗೆ ಎಳೆಯಿದೆ ಎಂಬುದು ಎಲ್ಲದರ ಮೂಲ. ಒಂದು ಬೇವಿನ ತುಂಡನ್ನು ಎಳೆಯ ದಿಕ್ಕಿನಲ್ಲಿ ರಂಧಾ ಹೊಡೆದರೆ ಸುರುಳಿ ಸುರುಳಿಯಾಗಿ ಹೊಟ್ಟು ಏಳುತ್ತದೆ, ಮೈ ನುಣುಪಾಗುತ್ತದೆ. ಎದುರು ದಿಕ್ಕಿನಲ್ಲಿ ಹೊಡೆದರೆ ಎಳೆ ಕಿತ್ತು ಮೈ ಒರಟಾಗುತ್ತದೆ. ಇದನ್ನು ಬಡಿಗರು ಮಾಡಿ ತೋರಿಸಲಿ, ಮಕ್ಕಳು ಬೆರಳಾಡಿಸಿ ನೋಡಲಿ. ಬಳಿಕ ಗರಗಸದ ಹಲ್ಲುಗಳನ್ನು ಅಂಚಿನಿಂದ ನೋಡಿಸಬೇಕು. ಅವು ಒಂದು ಎಡಕ್ಕೆ, ಒಂದು ಬಲಕ್ಕೆ ತುಸು ಬಾಗಿರುತ್ತವೆ. ಹೀಗಾಗಿ ಸೀಳು ಅಲಗಿಗಿಂತ ಅಗಲವಾಗಿ ಗರಗಸ ಸಿಕ್ಕಿಬೀಳುವುದಿಲ್ಲ. ಇದನ್ನು ನೆನಪಿನಲ್ಲಿಡಲು ಹೇಳಿರಿ. ಯಂತ್ರದ ಪಾಠದಲ್ಲಿ ಮತ್ತೆ ಬರುತ್ತದೆ.

ಉಳಿಯ ನಿಯಮ ಒಂದೇ: ಎರಡೂ ಕೈಗಳು ಬಾಯಿಯ ಹಿಂದೆ ಇರಬೇಕು. ಒಂದು ಕೈಯಲ್ಲಿ ಕಟ್ಟಿಗೆ ಹಿಡಿದು ಇನ್ನೊಂದರಿಂದ ತನ್ನ ಕಡೆಗೆ ಒತ್ತುವ ಮಗುವನ್ನು ಕೂಡಲೇ ತಡೆಯಬೇಕು. ಮೊಂಡು ಉಳಿ ಮಕ್ಕಳಿಗೆ ಸುರಕ್ಷಿತವೆಂಬ ನಂಬಿಕೆ ನಮ್ಮಲ್ಲಿಯೂ ಕೆಲವರಿಗಿದೆ. ಅದು ತಪ್ಪು. ಮೊಂಡು ಹತ್ಯಾರಕ್ಕೆ ಹೆಚ್ಚು ಬಲ ಬೇಕು. ಬಲ ಹೆಚ್ಚಿದಂತೆ ಜಾರುವುದು ಹೆಚ್ಚು. ಹದ ಹಿಡಿಯುವುದೇ ಒಂದು ವಿದ್ಯೆ. ನಮ್ಮ ಜಿಲ್ಲೆಯ ಮಿರಜಿನ ತಂಬೂರಿ, ಸಿತಾರಗಳಿಗೆ 2024ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತಿದೆ. ಅಲ್ಲಿ 19ನೆಯ ಶತಮಾನದಲ್ಲಿ ಈ ಕಸುಬನ್ನು ಕೈಗೊಂಡವರು ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರರು. ಈ ಮಾತು ಮಕ್ಕಳಿಗೆ ರುಚಿಸುತ್ತದೆ.

ಶಾಲೆಯಲ್ಲಿ ಮಾಡಿಸಬಹುದಾದ ಪ್ರಯೋಗವೊಂದಿದೆ. ಈಗಷ್ಟೇ ಕಡಿದ ಹಸಿ ಕಟ್ಟಿಗೆಯ ತುಂಡನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ, ಉದ್ದ ಮತ್ತು ಅಗಲಗಳನ್ನು ಅಳೆಯಿಸಿ, ನೆರಳಿನಲ್ಲಿ ಇಡಿಸಬೇಕು. ಪ್ರತಿ ಶನಿವಾರ ಮತ್ತೆ ತೂಗಿ ಅಳೆದು ಆಲೇಖ ಬರೆಸಬೇಕು. ತೂಕ ಇಳಿಯುತ್ತದೆ, ಅಗಲ ಕುಗ್ಗುತ್ತದೆ. ಉದ್ದ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಮಳೆಗಾಲದಲ್ಲಿ ಬಾಗಿಲು ಚೌಕಟ್ಟಿಗೆ ಹಿಡಿಯುವುದೇಕೆಂದು ಆಗ ಅವರೇ ಹೇಳಬಲ್ಲರು.

ಯಂತ್ರದ ಪಾಠ

ನಮ್ಮ ಕಡೆಯ ಮನೆಗಳಲ್ಲಿ ಹಲಗೆ ಕೊಯ್ಯಲು ಅನೇಕ ವೇಳೆ ಬಳಕೆಯಾಗುವುದು ಕಲ್ಲು ಕೊಯ್ಯಲೆಂದು ಮಾಡಿದ ಮಾರ್ಬಲ್ ಕಟರ್. ಕಲ್ಲಿನ ಚಕ್ರವನ್ನು ತೆಗೆದು ಹಲ್ಲಿನ ಚಕ್ರವನ್ನು ಕೂಡಿಸುತ್ತಾರೆ; ಕೆಲವೊಮ್ಮೆ ಅಡ್ಡಿಯೆಂದು ಮೇಲಿನ ಕವಚವನ್ನೂ ಕಳಚುತ್ತಾರೆ. ಇದರ ಅಪಾಯವನ್ನು ಬೈದು ತಿಳಿಸುವುದಕ್ಕಿಂತ ಗಣಿತದಿಂದ ತಿಳಿಸುವುದು ಮೇಲು. ಚಕ್ರದ ವ್ಯಾಸ 110 ಮಿಲಿಮೀಟರ್, ನಿಮಿಷಕ್ಕೆ 12,000 ಸುತ್ತು ಎಂದು ಹಿಡಿಯೋಣ. ಪರಿಧಿ 3.14 × 0.11, ಅಂದರೆ ಸುಮಾರು 0.345 ಮೀಟರ್. ಸೆಕೆಂಡಿಗೆ 200 ಸುತ್ತು. ಹಲ್ಲಿನ ವೇಗ ಸೆಕೆಂಡಿಗೆ ಸುಮಾರು 69 ಮೀಟರ್, ಗಂಟೆಗೆ ಸುಮಾರು 248 ಕಿಲೋಮೀಟರ್. ಬೆಚ್ಚಿದ ಮನುಷ್ಯನು ಕೈ ಹಿಂದೆಗೆಯಲು ತೊಡಗಬೇಕಾದರೆ ಸೆಕೆಂಡಿನ ಐದನೆಯ ಒಂದು ಭಾಗವಾದರೂ ಬೇಕು. ಅಷ್ಟರಲ್ಲಿ ಚಕ್ರ 40 ಸುತ್ತು ತಿರುಗಿರುತ್ತದೆ. 30 ಹಲ್ಲುಗಳಿದ್ದರೆ 1,200 ಹಲ್ಲುಗಳು ಅದೇ ಜಾಗವನ್ನು ದಾಟಿರುತ್ತವೆ. ಇಯತ್ತೆ 7 ಮತ್ತು 8ರ ಮಕ್ಕಳು ಈ ಲೆಕ್ಕವನ್ನು ತಾವೇ ಮಾಡಲಿ. ಉತ್ತರ ಬಂದ ಮೇಲೆ ಶಿಕ್ಷಕರು ಸ್ವಲ್ಪ ಹೊತ್ತು ಸುಮ್ಮನಿರುವುದು ಒಳ್ಳೆಯದು.

ಇನ್ನು ಕುಳಿತುಕೊಳ್ಳುವ ರೀತಿ. ನಮ್ಮ ಬಡಿಗರು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಕಾಲಿನಿಂದಲೇ ಕಟ್ಟಿಗೆಯನ್ನು ಒತ್ತಿ ಹಿಡಿಯುತ್ತಾರೆ. ಬಾಚಿಗೂ ಗರಗಸಕ್ಕೂ ಇದು ಬಹುಕಾಲದಿಂದ ನಡೆದುಬಂದ ಪದ್ಧತಿ. ಅದರಲ್ಲಿ ತಪ್ಪು ಹುಡುಕಬೇಕಾಗಿಲ್ಲ. ಆದರೆ ಅದೇ ಭಂಗಿಯಲ್ಲಿ ಯಂತ್ರ ಹಿಡಿದರೆ ಪಾದವು ಚಕ್ರದ ದಾರಿಯಲ್ಲಿಯೇ ಇರುತ್ತದೆ. ಕಟ್ಟಿಗೆ ಹಸಿಯಾಗಿದ್ದರೆ ಅಥವಾ ಹಲಗೆ ನಡುವೆ ಜೋತುಬಿದ್ದರೆ ಸೀಳು ಮುಚ್ಚಿಕೊಂಡು ಚಕ್ರವನ್ನು ಕಚ್ಚುತ್ತದೆ. ಕೈಗರಗಸವಾದರೆ ಸುಮ್ಮನೆ ನಿಲ್ಲುತ್ತದೆ. ಯಂತ್ರ ಹಿಡಿದವನ ಕಡೆಗೇ ಹಾರುತ್ತದೆ. ಆದ್ದರಿಂದ ಸೊಂಟದೆತ್ತರದ ಮೇಜು, ಹಲಗೆಯನ್ನು ಬಿಗಿಯುವ ಎರಡು ಕ್ಲ್ಯಾಂಪು, ಯಂತ್ರದ ನೇರಕ್ಕೆ ಬಾರದಂತೆ ಬದಿಗೆ ನಿಂತ ಮೈ – ಇವು ಬೇಕೇ ಬೇಕು.

ಕರೆಂಟಿನ ವಿಷಯದಲ್ಲಿ ನಮ್ಮ ಹಳ್ಳಿಗಳಿಗೇ ಸೇರಿದ ಅಪಾಯವೊಂದಿದೆ. ಕೊಯ್ಯುವಾಗ ವಿದ್ಯುತ್ ಹೋಗುತ್ತದೆ. ಗುಂಡಿ ಒತ್ತಿದಂತೆಯೇ ಸಿಕ್ಕಿಸಿದ್ದ ಯಂತ್ರವನ್ನು ನೆಲಕ್ಕಿಟ್ಟು ಬಡಿಗನು ಚಹಕ್ಕೆ ಹೋಗುತ್ತಾನೆ. ವಿದ್ಯುತ್ ಮರಳಿದಾಗ ಯಂತ್ರ ತಾನೇ ತಿರುಗತೊಡಗುತ್ತದೆ, ಪಕ್ಕದಲ್ಲಿ ಮಗು ಆಡುತ್ತಿರಬಹುದು. ಆದ್ದರಿಂದ ಕರೆಂಟು ಹೋದೊಡನೆ ಗುಂಡಿ ಆರಿಸಿ ಪ್ಲಗ್ಗು ಕೀಳಬೇಕು. ಚಕ್ರ ಬದಲಿಸುವಾಗಲೂ ಪ್ಲಗ್ಗು ಕಿತ್ತಿರಬೇಕು. ತಂತಿಯ ಬರಿಯ ತುದಿಗಳನ್ನು ಕಡ್ಡಿಯಿಂದ ಸಿಕ್ಕಿಸುವ ರೂಢಿ ಬಿಡಬೇಕೆಂದು ಮಕ್ಕಳು ಮನೆಯಲ್ಲಿ ಹೇಳಲಿ.

ಜೋತಾಡುವ ಓಢಣಿ, ಟವೆಲ್ಲು, ಬಳೆ, ಬಿಚ್ಚಿದ ಕೂದಲು ತಿರುಗುವ ಯಂತ್ರದ ಬಳಿ ಸಲ್ಲವು. ಕೈಗವಸು ರಕ್ಷಣೆಯೆಂದು ಮಕ್ಕಳು ಹೇಳುತ್ತಾರೆ. ತಿರುಗುವ ಹಲ್ಲಿನ ಹತ್ತಿರ ಅದು ಅಪಾಯ, ಏಕೆಂದರೆ ಬಟ್ಟೆ ಸಿಕ್ಕರೆ ಕೈಯೂ ಹಿಂಬಾಲಿಸುತ್ತದೆ. ಕನ್ನಡಕ ಮತ್ತು ಮುಖಪಟ್ಟಿ ಬೇಕು. ಕಟ್ಟಿಗೆಯ ಧೂಳು ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿಯೇ ವರ್ಗೀಕರಿಸಿದೆ.

ಪಾಲಕರೊಡನೆ ಮಾತಾಡುವಾಗ ನಯ ಬೇಕು. ಮಗ ತಂದೆಯ ಕಸುಬಿಗೆ ಕೈಗೂಡಿಸುವುದು ಅವಮಾನವಲ್ಲ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯದೆಯು 14 ವರ್ಷದೊಳಗಿನ ಮಗು ಶಾಲೆಯ ಬಳಿಕ ಅಥವಾ ರಜೆಯಲ್ಲಿ, ಅಪಾಯಕಾರಿಯಲ್ಲದ ಮನೆತನದ ಕೆಲಸದಲ್ಲಿ ನೆರವಾಗುವುದನ್ನು ಒಪ್ಪುತ್ತದೆ. ‘ಗೆರೆ ಎಳೆಯಲಿ, ಅಳೆಯಲಿ, ಸಾಣೆ ಹಿಡಿಯಲಿ, ರಂಧಾ ಹೊಡೆಯಲಿ, ಮಶಿನ್ನಿಗೆ ಮಾತ್ರ ಈಗಲೇ ಬ್ಯಾಡ್ರಿ’ ಎಂದರೆ ಯಾವ ತಂದೆಯೂ ಮುನಿಯುವುದಿಲ್ಲ.

ಕೊನೆಯ ಅವಧಿಯನ್ನು ಪ್ರಥಮೋಪಚಾರಕ್ಕೆ ಮೀಸಲಿಡಬೇಕು. ಗಾಯದ ಮೇಲೆ ಅರಿಸಿನವನ್ನೋ ಹೊಟ್ಟನ್ನೋ ತುಂಬದೆ, ಶುಭ್ರ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು ಕೈಯನ್ನು ಎತ್ತಿ ಹಿಡಿಯುವುದನ್ನು ಜೋಡಿಜೋಡಿಯಾಗಿ ಅಭ್ಯಾಸ ಮಾಡಿಸಿರಿ. ಬೆರಳು ತುಂಡಾದರೆ ಅದನ್ನು ತೇವದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಡಬೇಕು. ಬೆರಳಿಗೆ ಮಂಜುಗಡ್ಡೆ ನೇರವಾಗಿ ತಾಗಬಾರದು. ಅದನ್ನು ಗಾಯಾಳುವಿನ ಜೊತೆಗೇ ಕಳುಹಿಸಬೇಕು. ಆಂಬುಲೆನ್ಸಿನ 108ನ್ನು ಪ್ರತಿ ಮಗು ದೊಡ್ಡ ಅಂಕಿಯಲ್ಲಿ ಬರೆದು, ಮನೆಯ ಕಾರ್ಯಾಗಾರದ ಪ್ಲಗ್ಗಿನ ಮೇಲ್ಗಡೆ ಗೋಡೆಗೆ ಅಂಟಿಸಿ ಬರಲಿ.