ರೇಸ್ ಸೈಕಲ್ಲಿಗಿಂತ ಮೊದಲು ಒಳ್ಳೆಯ ಗುಂಪು ಹುಡುಕಿ

ಸೈಕಲ್ ರೇಸಿನ ಹುಚ್ಚು ಹತ್ತಿದವರು ಮೊದಲು ಮಾಡುವ ಕೆಲಸ ಅಂಗಡಿಗೆ ಹೋಗುವುದು. ಕಾರ್ಬನ್ ಫ್ರೇಮ್ ಎಷ್ಟು ಗ್ರಾಂ, ಚಕ್ರದ ರಿಮ್ ಎಷ್ಟು ಆಳ ಎಂಬ ಲೆಕ್ಕದಲ್ಲೇ ತಿಂಗಳುಗಳು ಕಳೆಯುತ್ತವೆ, ಜೊತೆಗೆ ಉಳಿತಾಯದ ಹಣವೂ ಕರಗುತ್ತದೆ. ಆಮೇಲೆ ಮೊದಲ ರೇಸಿನಲ್ಲಿ ಹಳೆಯ ಅಲ್ಯೂಮಿನಿಯಂ ಸೈಕಲ್ ಮೇಲೆ ಬಂದ ಹದಿನೇಳರ ಹುಡುಗ ಹಾಯಾಗಿ ಹಿಂದಿಕ್ಕಿ ಹೋಗುತ್ತಾನೆ.

ಅವನಿಗೆ ಗೊತ್ತಿರುವ ಗುಟ್ಟು ಗಾಳಿಯದು. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವಾಗ ಸವಾರನ ಶಕ್ತಿಯ ಬಹುಪಾಲು ಖರ್ಚಾಗುವುದು ಗಾಳಿಯನ್ನು ಸೀಳುವುದಕ್ಕೇ. ವೇಗ ಎರಡು ಪಟ್ಟಾದರೆ ಗಾಳಿಯ ವಿರುದ್ಧ ಬೇಕಾಗುವ ಶಕ್ತಿ ಎಂಟು ಪಟ್ಟಾಗುತ್ತದೆ. ಆದರೆ ಇನ್ನೊಬ್ಬರ ಬೆನ್ನಿಗೆ ಹತ್ತಿಕೊಂಡು, ಅವರ ಗಾಳಿಮರೆಯಲ್ಲಿ ಹೋದರೆ ಆ ಶ್ರಮದ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಉಳಿಯುತ್ತದೆ. ಲಕ್ಷ ರೂಪಾಯಿಯ ಯಾವ ಫ್ರೇಮೂ ಇಷ್ಟು ಉಳಿಸಿಕೊಡುವುದಿಲ್ಲ. ಮುಂದಿನ ಚಕ್ರಕ್ಕೆ ಒಂದು ಗೇಣು ದೂರದಲ್ಲಿ ಹೆದರದೆ ಸಾಗುವುದನ್ನು ಒಬ್ಬರೇ ಕೂತು ಕಲಿಯಲಾಗದು. ಆದ್ದರಿಂದ ರೋಡ್ ರೇಸಿಂಗ್ ಶುರುವಾಗುವುದು ಕ್ಲಬ್ಬಿನಿಂದ. ಸದ್ಯಕ್ಕೆ ಇರುವ ಸೈಕಲ್ಲೇ ಸಾಕು.

ಮೊದಲು, ಯಾವ ರೇಸು?

ಎಲ್ಲವನ್ನೂ 'ರೇಸ್' ಎಂದು ಕರೆಯುವ ಅಭ್ಯಾಸ ನಮ್ಮಲ್ಲಿದೆ. 200, 300, 400, 600 ಕಿ.ಮೀ.ಗಳ ಬ್ರೆವೆ ಸವಾರಿ ರೇಸಲ್ಲ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ ಕಾಲಾವಕಾಶವಿರುತ್ತದೆ, ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ಒಂದೇ ಮರ್ಯಾದೆ. ಹುಬ್ಬಳ್ಳಿ ಬೈಸಿಕಲ್ ಕ್ಲಬ್‌ನಂಥವು ಇಂಥ ಸವಾರಿಗಳನ್ನು ನಡೆಸುತ್ತವೆ. ದೇಹ ಗಟ್ಟಿಯಾಗಲು, ರಾತ್ರಿ ಸವಾರಿ ಕಲಿಯಲು ಅವು ಒಳ್ಳೆಯವೇ. ಆದರೆ ಮೂಲೆ ತಿರುವಿನಲ್ಲಿ ಇಪ್ಪತ್ತು ಜನರ ನಡುವೆ ಜಾಗ ಉಳಿಸಿಕೊಳ್ಳುವುದನ್ನು ಬ್ರೆವೆ ಕಲಿಸುವುದಿಲ್ಲ.

ರೇಸುಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆ. ಟೈಮ್ ಟ್ರಯಲ್‌ನಲ್ಲಿ ಒಬ್ಬೊಬ್ಬರನ್ನೇ ನಿಮಿಷದ ಅಂತರದಲ್ಲಿ ಬಿಡುತ್ತಾರೆ, ಬೇರೆಯವರ ಗಾಳಿಮರೆ ಪಡೆಯುವಂತಿಲ್ಲ. ಮಾಸ್ ಸ್ಟಾರ್ಟ್ ಅಥವಾ ರೋಡ್ ರೇಸ್‌ನಲ್ಲಿ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ. ಕ್ರೈಟೀರಿಯಂ ಎಂದರೆ ಒಂದೆರಡು ಕಿ.ಮೀ. ಸುತ್ತಿನ ಮೇಲೆ ಮತ್ತೆ ಮತ್ತೆ ಸುತ್ತುವುದು, ಅಲ್ಲಿ ತಿರುವುಗಳದ್ದೇ ಆಟ. ನಾಲ್ಕನೆಯದು ಬೆಟ್ಟ ಹತ್ತುವ ಸ್ಪರ್ಧೆ. ಹೊಸಬರಿಗೆ ನನ್ನ ಸಲಹೆ ಟೈಮ್ ಟ್ರಯಲ್ ಅಥವಾ ಬೆಟ್ಟದಿಂದ ಆರಂಭಿಸಿ ಎಂಬುದು. ಅಲ್ಲಿ ಇನ್ನೊಬ್ಬರನ್ನು ಬೀಳಿಸುವ ಅಪಾಯ ಕಡಿಮೆ. 1,478 ಮೀಟರ್ ಎತ್ತರದ ನಂದಿಬೆಟ್ಟದ ಏರು ಬೆಂಗಳೂರಿನ ಸವಾರರಿಗೆ ಪರೀಕ್ಷೆಯ ಕೋಣೆ ಇದ್ದಹಾಗೆ: ತಿಂಗಳಿಗೊಮ್ಮೆ ಹತ್ತಿ ಗಡಿಯಾರ ನೋಡಿಕೊಂಡರೆ ತಯಾರಿಯ ಸತ್ಯ ಗೊತ್ತಾಗುತ್ತದೆ.

ಇವನ್ನು ನಡೆಸುವವರು ಯಾರು? ಬೆಂಗಳೂರು ಸುತ್ತಮುತ್ತ ಬೆಂಗಳೂರು ಬೈಸಿಕಲ್ ಚಾಂಪಿಯನ್‌ಶಿಪ್ಸ್ ಹೆಸರಿನಲ್ಲಿ ಹವ್ಯಾಸಿಗಳೇ ಕಟ್ಟಿದ ಸರಣಿಯೊಂದು ಬೆಳೆದುಬಂದಿದೆ. ಉತ್ತರ ಕರ್ನಾಟಕದ್ದು ಬೇರೆಯದೇ ಪರಂಪರೆ. ವಿಜಯಪುರ, ಬಾಗಲಕೋಟೆ, ಜಮಖಂಡಿ, ಗದಗ ಕಡೆ ಜಾತ್ರೆ, ಉತ್ಸವಗಳಿಗೆ ಸೈಕಲ್ ಶರ್ಯತ್ತು ಇಡುವುದು ಹೊಸತೇನಲ್ಲ. ರಾಷ್ಟ್ರೀಯ ಕೂಟಗಳಿಗೆ ಕರ್ನಾಟಕದ ಜೆರ್ಸಿ ತೊಟ್ಟು ಹೋಗಿ ಪದಕ ತಂದವರಲ್ಲಿ ಈ ಭಾಗದ ರೈತ ಕುಟುಂಬಗಳ ಹುಡುಗ ಹುಡುಗಿಯರು ಬಹಳ. ಜಿಲ್ಲೆ, ರಾಜ್ಯ, ರಾಷ್ಟ್ರ ಮಟ್ಟದ ಅಧಿಕೃತ ಸ್ಪರ್ಧೆಗಳು ನಡೆಯುವುದು ಭಾರತೀಯ ಸೈಕ್ಲಿಂಗ್ ಫೆಡರೇಷನ್ ಮತ್ತು ಅದರ ರಾಜ್ಯ, ಜಿಲ್ಲಾ ಸಂಸ್ಥೆಗಳ ಮೂಲಕ. ಅಲ್ಲಿ ವಯಸ್ಸಿನ ದಾಖಲೆ ಸರಿ ಇರಬೇಕು. 17–18 ವರ್ಷದವರು ಜೂನಿಯರ್. ಈ ವರ್ಗವನ್ನು ಲೆಕ್ಕ ಹಾಕುವುದು ರೇಸಿನ ದಿನದ ವಯಸ್ಸಿನಿಂದಲ್ಲ, ಆ ವರ್ಷದ ಡಿಸೆಂಬರ್ 31ಕ್ಕೆ ಎಷ್ಟು ತುಂಬುತ್ತದೆ ಎಂಬುದರಿಂದ.

ಕ್ಲಬ್ ಆರಿಸುವುದು

ಕ್ಲಬ್ ಎಂದರೆ ಒಂದೇ ಜಾತಿಯದಲ್ಲ. ಭಾನುವಾರ ಮೂವತ್ತು ಕಿ.ಮೀ. ತುಳಿದು ತಟ್ಟೆ ಇಡ್ಲಿಯ ಮುಂದೆ ಮುಗಿಯುವ ಗುಂಪುಗಳಿವೆ. ಅವುಗಳ ಬಗ್ಗೆ ನನಗೆ ಪ್ರೀತಿಯೇ, ಆದರೆ ಅಲ್ಲಿ ರೇಸು ಕಲಿಯಲಾಗದು. ಬ್ರೆವೆ ಕ್ಲಬ್‌ಗಳಿವೆ, ಅಂಗಡಿಯವರು ನಡೆಸುವ ಗುಂಪುಗಳಿವೆ, ಕೋಚ್ ಇಟ್ಟುಕೊಂಡ ರೇಸ್ ತಂಡಗಳಿವೆ. ಹಣ ಕಟ್ಟುವ ಮೊದಲು ಅತಿಥಿಯಾಗಿ ಎರಡು ಮೂರು ಭಾನುವಾರ ಜೊತೆಗೆ ಹೋಗಿ ನೋಡಿ. ಒಳ್ಳೆಯ ಕ್ಲಬ್ ಇದಕ್ಕೆ ಬೇಡ ಎನ್ನುವುದಿಲ್ಲ.

ನೋಡಬೇಕಾದ್ದು ಮುಂದೆ ಹೋಗುವವರ ವೇಗವನ್ನಲ್ಲ, ಕೊನೆಯಲ್ಲಿ ಉಳಿದವರ ಗತಿಯನ್ನು. ಯಾರದ್ದಾದರೂ ಟ್ಯೂಬ್ ಪಂಕ್ಚರ್ ಆದರೆ ಗುಂಪು ನಿಲ್ಲುತ್ತದೆಯೇ, ಅಥವಾ 'ಮುಂದೆ ಸಿಗೋಣ' ಎಂದು ಕೈ ಬೀಸಿ ಹೊರಟುಬಿಡುತ್ತದೆಯೇ? ಬಾಲದಲ್ಲಿ ಒಬ್ಬ ಅನುಭವಿ ಉದ್ದೇಶಪೂರ್ವಕವಾಗಿ ಉಳಿದಿರುತ್ತಾರೆಯೇ? ಕೆಂಪು ಸಿಗ್ನಲ್ಲಿಗೆ ಎಲ್ಲರೂ ನಿಲ್ಲುತ್ತಾರೆಯೇ? ಸಿಗ್ನಲ್ ಹಾರುವ ಕ್ಲಬ್ಬಿನ ಜೊತೆ ಎರಡನೇ ಸಲ ಹೋಗಬೇಡಿ. ಹೆಲ್ಮೆಟ್ ಇಲ್ಲದೆ ಬಂದವರನ್ನು ವಾಪಸ್ ಕಳಿಸುತ್ತಾರೋ ಇಲ್ಲವೋ ಅದನ್ನೂ ಗಮನಿಸಿ. ಜಗತ್ತಿನ ವೃತ್ತಿಪರ ರೇಸುಗಳಲ್ಲೇ ಹೆಲ್ಮೆಟ್ ಕಡ್ಡಾಯವಾದದ್ದು 2003ರಲ್ಲಿ, ಪ್ಯಾರಿಸ್–ನೀಸ್ ರೇಸಿನಲ್ಲಿ ಕಜಕಸ್ತಾನದ ಆಂದ್ರೇ ಕಿವಿಲೆವ್ ಬಿದ್ದು ತಲೆಗೆ ಪೆಟ್ಟಾಗಿ ತೀರಿಕೊಂಡ ಮೇಲೆ. ಅದಕ್ಕೂ ಮೊದಲು ಸವಾರರೇ ಇದನ್ನು ವಿರೋಧಿಸುತ್ತಿದ್ದರು.

ಹೊಸಬರ ತಪ್ಪನ್ನು ಹೇಗೆ ತಿದ್ದುತ್ತಾರೆ ಎಂಬುದು ಇನ್ನೊಂದು ಕುರುಹು. ಗುಂಪಿನ ನಡುವೆ ಥಟ್ಟನೆ ಬ್ರೇಕ್ ಹಿಡಿದವನನ್ನು ಅಲ್ಲೇ ಬೈದು ಬಿಡುವ ಕ್ಲಬ್ಬೂ ಬೇಡ, ಏನೂ ಹೇಳದೆ ಬಿಡುವ ಕ್ಲಬ್ಬೂ ಬೇಡ. ಸವಾರಿ ಮುಗಿದ ಮೇಲೆ ಚಹಾ ಹಿಡಿದುಕೊಂಡು ಹಿರಿಯರೊಬ್ಬರು ಪಕ್ಕಕ್ಕೆ ಕರೆದು, 'ನೋಡಪ್ಪ, ಅಲ್ಲಿ ಹಾಗೆ ಮಾಡಬಾರದಿತ್ತು' ಎಂದು ಹೇಳುವಂಥ ಕಡೆ ಕಲಿಕೆ ಆಗುತ್ತದೆ.

ಕ್ಲಬ್ಬು ಸವಾರಿ ಪ್ರಕಟಿಸುವ ರೀತಿ ನೋಡಿ. ಹೊರಡುವ ಜಾಗ, ಸಮಯ, ದೂರ, ಸರಾಸರಿ ವೇಗ ಮೊದಲೇ ತಿಳಿಸಿ, ನಿಧಾನದವರಿಗೂ ವೇಗದವರಿಗೂ ಪ್ರತ್ಯೇಕ ಗುಂಪು ಮಾಡುವವರು ಗಂಭೀರವಾಗಿದ್ದಾರೆ ಎಂದರ್ಥ. ಪ್ರತಿ ಸವಾರಿಯೂ ರೇಸೇ ಆಗುವ ಕ್ಲಬ್ಬಿನಲ್ಲಿ ಯಾರೂ ಚೇತರಿಸಿಕೊಳ್ಳುವುದಿಲ್ಲ, ಮೂರು ತಿಂಗಳಲ್ಲಿ ಮೊಣಕಾಲು ದೂರು ಹೇಳುತ್ತದೆ. ಶುಲ್ಕದಲ್ಲಿ ಕೋಚಿಂಗ್ ಸೇರಿದೆಯೇ, ಜೆರ್ಸಿ ಕೊಳ್ಳುವುದು ಕಡ್ಡಾಯವೇ, ಅಪಘಾತವಾದರೆ ಯಾರಿಗೆ ಫೋನ್ ಹೋಗುತ್ತದೆ ಎಂಬುದನ್ನು ನೇರವಾಗಿ ಕೇಳಿ. ಮಹಿಳೆಯರು ಕ್ಲಬ್ಬಿನಲ್ಲಿ ಎಷ್ಟು ಜನ ಇದ್ದಾರೆ ಎನ್ನುವುದಕ್ಕಿಂತ ಎಷ್ಟು ಜನ ಒಂದು ವರ್ಷದ ಮೇಲೂ ಉಳಿದಿದ್ದಾರೆ ಎಂದು ಕೇಳುವುದು ಜಾಣತನ.

ಎಲ್ಲಕ್ಕಿಂತ ಮುಖ್ಯವಾದದ್ದು ಬಹಳ ಸಾಮಾನ್ಯ ಸಂಗತಿ: ಮನೆಯಿಂದ ದೂರ. ಬೆಳಗಿನ ಐದಕ್ಕೆ ಹದಿನೈದು ಕಿ.ಮೀ. ಆಚೆಗೆ ತಲುಪಬೇಕಾದ ಹೆಸರಾಂತ ತಂಡಕ್ಕಿಂತ, ಪಕ್ಕದ ಬಡಾವಣೆಯ ಸಾಧಾರಣ ಕ್ಲಬ್ಬು ಹೆಚ್ಚು ಕಲಿಸುತ್ತದೆ, ಏಕೆಂದರೆ ಅಲ್ಲಿಗೆ ನೀವು ನಿಜವಾಗಿ ಹೋಗುತ್ತೀರಿ.

ಮಕ್ಕಳಿಗೆ ದಾರಿ ಬೇರೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ನಿಲಯಗಳಲ್ಲಿ ವಿಜಯಪುರದಂಥ ಕಡೆ ಸೈಕ್ಲಿಂಗ್ ತರಬೇತಿ ಇದೆ. ಆಯ್ಕೆ ಪರೀಕ್ಷೆಯ ದಿನಾಂಕವನ್ನು ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಊರಲ್ಲಿ ಕ್ಲಬ್ಬೇ ಇಲ್ಲವೆಂದರೆ ನಾಲ್ಕು ಜನ ಸೇರಿ, ವಾರಕ್ಕೆ ಒಂದು ದಿನ, ಒಂದೇ ಸಮಯ, ಒಂದೇ ದಾರಿ ಎಂದು ಗೊತ್ತುಮಾಡಿಕೊಳ್ಳಿ. ಒಬ್ಬರಾದ ಮೇಲೆ ಒಬ್ಬರು ಮುಂದೆ ಬಂದು ಗಾಳಿ ಸೀಳುವ ಸರದಿಯನ್ನು ಕಲಿಯಲು ನಾಲ್ವರು ಸಾಕು.

ಗುಂಪಿನಲ್ಲಿ ನಡೆದುಕೊಳ್ಳುವ ರೀತಿ

ಆರಂಭದಲ್ಲಿ ಮುಂದಿನ ಚಕ್ರದಿಂದ ಒಂದು ಸೈಕಲ್ ಉದ್ದ ಬಿಡಿ, ಧೈರ್ಯ ಬಂದಂತೆ ಕಡಿಮೆ ಮಾಡಿ. ಕಣ್ಣು ಮುಂದಿನವರ ಟೈರಿನ ಮೇಲೆ ನೆಡಬಾರದು, ಅವರ ಭುಜದ ಮೇಲಿಂದ ರಸ್ತೆಯನ್ನು ನೋಡಬೇಕು. ನಿಮ್ಮ ಮುಂದಿನ ಚಕ್ರ ಅವರ ಹಿಂದಿನ ಚಕ್ರದ ಪಕ್ಕಕ್ಕೆ ಸೇರಿಕೊಳ್ಳದಂತೆ ನೋಡಿಕೊಳ್ಳಿ. ಅವರು ಗುಂಡಿ ತಪ್ಪಿಸಲು ಒಂಚೂರು ಓರೆಯಾದರೂ ಬೀಳುವವರು ನೀವು. ಮುಂದೆ ಇರುವವರು ಹಂಪು, ಗುಂಡಿ, ನಾಯಿ, ನಿಂತ ಲಾರಿ ಎಲ್ಲವನ್ನೂ ಕೂಗಿ ಅಥವಾ ಕೈ ತೋರಿಸಿ ಹೇಳಬೇಕು. ನಮ್ಮ ರಸ್ತೆಗಳಲ್ಲಿ ಇದು ಗಂಟಲಿಗೂ ವ್ಯಾಯಾಮ. ಸರದಿ ಮುಗಿದಾಗ ವೇಗ ತಗ್ಗಿಸಿ ಹಿಂದೆ ಬರಬೇಡಿ. ಅದೇ ವೇಗದಲ್ಲಿ ಪಕ್ಕಕ್ಕೆ ಸರಿದು, ಆಮೇಲೆ ಕಾಲು ಹಗುರ ಮಾಡಿ. ಉತ್ಸಾಹದಲ್ಲಿ ಹೊಸಬರು ಗುಂಪನ್ನು ಹಾಳುಮಾಡುವ ಇನ್ನೊಂದು ಚಾಳಿಯಿದೆ: ತಮ್ಮ ಸರದಿ ಬಂದೊಡನೆ ವೇಗ ಏರಿಸಿಬಿಡುವುದು. ಹಿಂದಿನವರೆಲ್ಲ ಸರಪಳಿ ಕಡಿದಂತೆ ಚೆದುರುತ್ತಾರೆ.

ವಿಜಯಪುರದ ಬಯಲಿನಂಥ ಕಡೆ ಅಡ್ಡಗಾಳಿ ಬೀಸಿದರೆ ನೇರ ಹಿಂದೆ ಇದ್ದರೆ ಮರೆ ಸಿಗದು. ಗಾಳಿ ಎಡದಿಂದ ಬಂದರೆ ಮುಂದಿನವರ ಸ್ವಲ್ಪ ಬಲಕ್ಕೆ ಸರಿದುಕೊಳ್ಳಬೇಕು. ಎಲ್ಲರೂ ಹೀಗೆ ಸರಿದರೆ ಗುಂಪು ರಸ್ತೆಯ ಅಗಲಕ್ಕೆ ಓರೆಯಾಗಿ ಹರಡುತ್ತದೆ, ರಸ್ತೆಯ ಅಂಚಿಗೆ ಬಂದು ಜಾಗ ಸಿಗದವರಿಗೆ ಮರೆ ಇರುವುದಿಲ್ಲ. ಬಯಲುಸೀಮೆಯ ಹುಡುಗರು ಅಲ್ಲಿಯೇ ಗುಂಪನ್ನು ಒಡೆಯುತ್ತಾರೆ. ಇದನ್ನು ಕಲಿಯುವುದು ಸಂಚಾರ ಮುಚ್ಚಿದ ರಸ್ತೆಯಲ್ಲಿ ಮಾತ್ರ.

ದಾರಿ ಆರಿಸುವಾಗ ಒಂದು ನೆನಪಿಡಿ: ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ದ್ವಿಚಕ್ರ ಮತ್ತು ಮೋಟಾರಿಲ್ಲದ ವಾಹನಗಳಿಗೆ 2023ರ ಆಗಸ್ಟ್ 1ರಿಂದ ಪ್ರವೇಶವಿಲ್ಲ. ಸರ್ವಿಸ್ ರಸ್ತೆ ಹಿಡಿಯಬೇಕು.

ಸೈಕಲ್ಲು, ಅಷ್ಟೇನೂ ತಲೆ ಕೆಡಿಸಿಕೊಳ್ಳದೆ

ಬಾಗಿದ ಹ್ಯಾಂಡಲ್ಲಿನ, ಬ್ರೇಕ್ ಚೆನ್ನಾಗಿರುವ ರೋಡ್ ಬೈಕ್ ಬೇಕು. ಸೆಕೆಂಡ್‌ಹ್ಯಾಂಡ್ ಆದರೆ ಕ್ಲಬ್ಬಿನವರನ್ನೇ ಕೇಳಿ, ಅವರಲ್ಲಿ ಹಳೆಯದನ್ನು ಮಾರುವವರು ಯಾವಾಗಲೂ ಒಬ್ಬರಾದರೂ ಇರುತ್ತಾರೆ. ಹಣವನ್ನು ಮೊದಲು ಹೆಲ್ಮೆಟ್ಟಿಗೆ, ಆಮೇಲೆ ಟೈರಿಗೆ, ಆಮೇಲೆ ಪ್ಯಾಡ್ ಇರುವ ಶಾರ್ಟ್ಸಿಗೆ ಹಾಕಿ. ಅಂತರರಾಷ್ಟ್ರೀಯ ನಿಯಮದ ಕನಿಷ್ಠ ತೂಕ 6.8 ಕಿಲೋ, ಅದರ ಹತ್ತಿರ ಬರುವ ಆತುರ ಬೇಡ.

ಅಳತೆಯಲ್ಲಿ ಮಾತ್ರ ರಾಜಿ ಬೇಡ. ಬರಿಗಾಲಲ್ಲಿ ಗೋಡೆಗೊರಗಿ ನಿಂತು, ತೊಡೆಸಂದಿಯಿಂದ ನೆಲದವರೆಗಿನ ಎತ್ತರ ಅಳೆದು 0.883ರಿಂದ ಗುಣಿಸಿ. 80 ಸೆಂ.ಮೀ. ಇದ್ದರೆ 70.6 ಬರುತ್ತದೆ. ಪೆಡಲ್ ತೋಳುಗಳು ತಿರುಗುವ ಅಚ್ಚಿನ (ಬಾಟಮ್ ಬ್ರಾಕೆಟ್) ನಡುಭಾಗದಿಂದ ಸೀಟಿನ ಮೇಲ್ಭಾಗದವರೆಗೆ ಇಷ್ಟು ಎತ್ತರ ಇಡಿ. ಇದು ಆರಂಭದ ಲೆಕ್ಕವಷ್ಟೇ. ಮೊಣಕಾಲಿನ ಮುಂಭಾಗ ನೋಯುತ್ತಿದ್ದರೆ ಸೀಟು ತಗ್ಗಾಗಿರಬಹುದು, ಹಿಂಭಾಗ ನೋಯುತ್ತಿದ್ದರೆ ಎತ್ತರವಾಗಿರಬಹುದು.

ತಯಾರಿ ಮತ್ತು ತಿನಿಸು

ವಾರಕ್ಕೆ ನಾಲ್ಕು ದಿನ ಸಾಕು: ಎರಡು ದಿನ ಹಗುರ, ಒಂದು ದಿನ ಏರು ಅಥವಾ ಬಿಟ್ಟು ಬಿಟ್ಟು ವೇಗದ ಅಭ್ಯಾಸ, ಭಾನುವಾರ ಉದ್ದ ಸವಾರಿ. ಹಗುರ ಎಂದರೆ ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡುವಷ್ಟು ಹಗುರ. ಇದನ್ನು ಕೇಳುವವರು ಕಡಿಮೆ, ಎಲ್ಲರೂ ಎಲ್ಲ ದಿನವೂ ಅರೆ ಕಷ್ಟದಲ್ಲಿ ತುಳಿಯುತ್ತಾರೆ. ತಡವಾಯಿತೆಂಬ ಚಿಂತೆ ಬೇಡ. ರಾಷ್ಟ್ರೀಯ ಟೈಮ್ ಟ್ರಯಲ್ ಚಾಂಪಿಯನ್ ಆದ ಬೆಂಗಳೂರಿನ ನವೀನ್ ಜಾನ್ ಕೂಡ ಎಂಜಿನಿಯರಿಂಗ್ ಓದುವ ದಿನಗಳಲ್ಲಷ್ಟೇ ಈ ಆಟಕ್ಕೆ ಬಂದವರು.

ಒಂದೂವರೆ ಗಂಟೆ ಮೀರುವ ಸವಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಬೇಕು. ದೊಡ್ಡ ಪಚ್ಚಬಾಳೆಯೊಂದರಲ್ಲಿ 25 ಗ್ರಾಂ ಆಸುಪಾಸು ಇರುತ್ತದೆ. ಖರ್ಜೂರ, ಬೆಲ್ಲ, ಉಪ್ಪು ಸಕ್ಕರೆ ನಿಂಬೆಯ ಪಾನಕ ಎಲ್ಲವೂ ನಡೆಯುತ್ತವೆ. ಹಸಿವಾದ ಮೇಲೆ ತಿಂದರೆ ತಡವಾಯಿತು. ರೇಸಿನ ದಿನ ಹೊಸ ತಿಂಡಿ ಪ್ರಯೋಗ ಬೇಡ.

ರೇಸಿನ ದಿನ

ಒಂದು ಗಂಟೆ ಮೊದಲೇ ತಲುಪಿ ನಂಬರು ಪಡೆದುಕೊಳ್ಳಿ. ಹ್ಯಾಂಡಲ್ ತುದಿಯ ಮುಚ್ಚಳ ಬಿದ್ದುಹೋಗಿದ್ದರೆ ತಪಾಸಣೆಯಲ್ಲಿ ಹಿಡಿದು ನಿಲ್ಲಿಸಬಹುದು. ಬಿದ್ದಾಗ ಆ ತೆರೆದ ಕೊಳವೆ ಚರ್ಮ ಸೀಳುತ್ತದೆ. ಇಪ್ಪತ್ತು ನಿಮಿಷ ತುಳಿದು ಮೈ ಬಿಸಿ ಮಾಡಿಕೊಳ್ಳಿ. ಗುಂಪಿನ ಮೊದಲ ಮೂರನೇ ಒಂದು ಭಾಗದಲ್ಲಿ ಇರುವುದು ಲಾಭ. ಹಿಂದೆ ಇದ್ದವರು ಪ್ರತಿ ತಿರುವಿನಲ್ಲೂ ನಿಲ್ಲಬೇಕಾಗುತ್ತದೆ, ಆಮೇಲೆ ಅಂತರ ಮುಚ್ಚಲು ಜಿಗಿಯಬೇಕಾಗುತ್ತದೆ. ಹತ್ತು ತಿರುವಿಗೆ ಹತ್ತು ಜಿಗಿತ, ಕಾಲು ಖಾಲಿ. ಕೊನೆಯ ಇನ್ನೂರು ಮೀಟರಿನಲ್ಲಿ ನಿಮ್ಮ ಗೆರೆ ಬಿಟ್ಟು ಅಡ್ಡ ಬರಬೇಡಿ, ಗೆಲುವಿಗಿಂತ ಮೊದಲು ಅನರ್ಹತೆ ಬರುತ್ತದೆ.

ಮೊದಲ ಮಾಸ್ ಸ್ಟಾರ್ಟಿನಲ್ಲಿ ಗುಂಪಿನಿಂದ ಕಳಚಿಕೊಳ್ಳುವ ಸಂಭವವೇ ಹೆಚ್ಚು. ಹಾಗಾದಾಗ ಒಬ್ಬರೇ ಬೆನ್ನಟ್ಟಿ ಸುಸ್ತಾಗಬೇಡಿ. ಒಂದೆರಡು ನಿಮಿಷ ನಿಧಾನಿಸಿ, ಹಿಂದಿನಿಂದ ಬರುವ ಇನ್ನಿಬ್ಬರು ಮೂವರನ್ನು ಸೇರಿಸಿಕೊಳ್ಳಿ, ಸರದಿಯಲ್ಲಿ ಮುಂದೆ ಬಂದು ತುಳಿಯಿರಿ. ಹಾಗೆ ಸೇರಿದವರಲ್ಲಿ ಒಬ್ಬರಾದರೂ ನಿಮಗಿಂತ ಹೆಚ್ಚು ರೇಸು ಓಡಿದವರಿರುತ್ತಾರೆ. ಅವರ ಹೆಸರು ಕೇಳಿಕೊಳ್ಳಿ, ಯಾವ ಕ್ಲಬ್ಬು ಎಂದೂ.