ಚಿಕ್ಲಗಿನಲ್ಲಿ ದಾವೀದನು ಬಲಗೊಂಡ ವಿಧ

ಓದತಕ್ಕ ಭಾಗ: 1 ಸಮುವೇಲನು 30:1-25

ದಾವೀದನೂ ಅವನ 600 ಮಂದಿ ಜನರೂ ಮೂರನೆಯ ದಿನದಲ್ಲಿ ಚಿಕ್ಲಗ್ ಊರಿಗೆ ಹಿಂತಿರುಗಿದಾಗ ಊರು ಸುಟ್ಟುಹೋಗಿತ್ತು. ಅಮಾಲೇಕ್ಯರು ಹೆಂಡರು ಮಕ್ಕಳನ್ನು ಸೆರೆಯೊಯ್ದಿದ್ದರು. ಎಲ್ಲರೂ ಇನ್ನು ಅಳಲಿಕ್ಕೆ ಶಕ್ತಿಯಿಲ್ಲದಷ್ಟು ಅತ್ತರು. ಜನರು ದಾವೀದನನ್ನೇ ಕಲ್ಲೆಸೆದು ಕೊಲ್ಲಬೇಕೆಂದು ಮಾತಾಡಿಕೊಂಡರು. ಆಗ ಅವನು ಮಾಡಿದ್ದನ್ನು ಗಮನಿಸಿರಿ.

1. ಅವನು ತನ್ನ ದೇವರಲ್ಲಿ ಬಲಗೊಂಡನು. ಕಳಕೊಂಡದ್ದು ಸಿಕ್ಕಿದ ಮೇಲೆ ಬಲ ಬರುವದೆಂದು ನಾವು ಎಣಿಸುತ್ತೇವೆ; ಇಲ್ಲಿಯಾದರೋ ಏನೂ ಸಿಕ್ಕದಿರುವಾಗಲೇ ಬಲವು ಬಂತು.

2. ಅವನು ವಿಚಾರಿಸಿದನು. ಯಾಜಕನಾದ ಎಬ್ಯಾತಾರನಿಂದ ಏಫೋದನ್ನು ತರಿಸಿ, ಹಿಂದಟ್ಟಬೇಕೋ ಬಾರದೋ ಎಂದು ದೇವರನ್ನು ಕೇಳಿದನು. ಸಂಕಟದಲ್ಲಿರುವವನು ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತುವದಕ್ಕೆ ಮುಂಚೆ, ಹೊಲ ಮಾರುವದಕ್ಕೆ ಮುಂಚೆ, ಪ್ರಾರ್ಥಿಸಿ ಸಭೆಯ ಹಿರಿಯರೊಡನೆ ಆಲೋಚಿಸಲಿ.

3. ಅವನು ಎದ್ದು ಹೊರಟನು. ಬೆಸೋರ್ ಹಳ್ಳದ ಬಳಿಯಲ್ಲಿ 200 ಮಂದಿ ಬಳಲಿ ನಿಂತರು. ಉಳಿದ 400 ಮಂದಿಯೊಡನೆ ಹೋಗಿ ಎಲ್ಲವನ್ನೂ ಬಿಡಿಸಿ ತಂದನು. ನಾವು ಕಳಕೊಂಡದ್ದೆಲ್ಲವೂ ಹಾಗೆಯೇ ತಿರುಗಿ ಸಿಕ್ಕುವದೆಂದು ಈ ಪಾಠವು ಹೇಳುವದಿಲ್ಲ. ಆದರೆ ದೇವರಲ್ಲಿ ಹೊಂದಿದ ಬಲವನ್ನು ಯಾವ ಶತ್ರುವೂ ಕೊಳ್ಳೆಯೊಯ್ಯಲಾರನು.

4. ಅವನು ಬಲಹೀನರನ್ನು ಮರೆಯಲಿಲ್ಲ. ಬಳಲಿ ನಿಂತವರಿಗೆ ಪಾಲಿಲ್ಲವೆಂದು ಕೆಲವರು ಹೇಳಿದಾಗ, ಸಾಮಾನಿನ ಬಳಿಯಲ್ಲಿ ಉಳಿದವರಿಗೂ ಸಮಪಾಲೆಂದು ನೇಮಿಸಿದನು.

ಆಲೋಚನೆಗೆ ಪ್ರಶ್ನೆಗಳು: ನಮ್ಮ ಸಭೆಯಲ್ಲಿ ಹಳ್ಳದ ಬಳಿಯಲ್ಲಿ ಬಳಲಿ ಕೂತಿರುವವರು ಯಾರು? ಈ ವಾರದಲ್ಲಿ ಅವರ ಪಾಲನ್ನು ಅವರ ಮನೆಗೆ ಮುಟ್ಟಿಸುವವರು ಯಾರು?